ಒಂಬತ್ತು ದಿನದ ಪ್ರಥಮ ಮಹಿಳೆ

ಅಮೆರಿಕಾಕ್ಕೆ ಹೋಗಿ ಬಂದವರು ಅಲ್ಲಿ ಏನೇನು ನೋಡಿದೆವು ಎಂದು ಹೇಳುತ್ತಾರೆ. ನಾನು ಅಲ್ಲಿ ಏನಾಗಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಒಂಬತ್ತು ದಿನ ನಾನು ಒಂದು ರಾಜ್ಯದ ಪ್ರಥಮ ಮಹಿಳೆಯಾಗಿದ್ದೆ. ಯಾರೂ ಆರಿಸಿರಲಿಲ್ಲ, ಯಾರೂ ನೇಮಿಸಿರಲಿಲ್ಲ. ಹೇಗಾಯಿತು ಎಂದು ಬರೆಯಲು ಕೂತರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. ಆದರೆ ಇದನ್ನು ನಾನೇ ಹೇಳಬೇಕು, ಬೇರೆಯವರ ಬಾಯಿಂದ ತಿಳಿಯಬಾರದು.

ಲಾಸ್ ಏಂಜಲೀಸ್, ವಿಮಾನ ನಿಲ್ದಾಣ

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಯಜಮಾನರು ಆಗ ಪುರಸಭೆಯ ಅಧ್ಯಕ್ಷರು. ನಮ್ಮದು ತುಮಕೂರು ಜಿಲ್ಲೆಯ ಪುಟ್ಟ ಊರು. ಒಂದು ರೈಲ್ವೆ ಗೇಟು, ಎರಡು ಟೂರಿಂಗ್ ಟಾಕೀಸು, ಅಷ್ಟೆ. ಪುರಸಭೆಯ ಅಧ್ಯಕ್ಷರಿಗೆ ನಮ್ಮ ಕಡೆಯ ಇಂಗ್ಲಿಷಿನಲ್ಲಿ ಪ್ರೆಸಿಡೆಂಟ್ ಎನ್ನುತ್ತಾರೆ. ಕಚೇರಿಯ ಬೋರ್ಡಿನಲ್ಲೂ ಹಾಗೇ ಇದೆ, ಸೊಪ್ಪು ಮಾರುವವಳ ಬಾಯಲ್ಲೂ ನಮ್ಮ ಮನೆ "ಪ್ರೆಸಿಡೆಂಟ್ರ ಮನೆ"ಯೇ.

ಆದ್ದರಿಂದ ವಿಮಾನ ನಿಲ್ದಾಣದ ಅಧಿಕಾರಿ ನಿಮ್ಮ ಗಂಡ ಏನು ಮಾಡುತ್ತಾರೆ ಎಂದು ಕೇಳಿದಾಗ ನಾನು ಹಿಂದೆಮುಂದೆ ನೋಡದೆ "ಪ್ರೆಸಿಡೆಂಟ್" ಎಂದೆ. ಆತ ಮುದ್ರೆ ಒತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಯಾವುದಕ್ಕೆ ಎಂದ. ನಾನು ಊರಿನ ಹೆಸರು ಹೇಳಿದೆ. ಆತ ಜೋರಾಗಿ ನಕ್ಕು, ಸ್ವಾಗತ, ಫಸ್ಟ್ ಲೇಡಿಯವರೇ, ಎಂದು ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ನನಗೆ ಗಾಬರಿಯಾಯಿತು. ಫಸ್ಟ್ ಲೇಡಿ ಎಂದರೆ ಮೊದಲನೇ ಹೆಂಡತಿ ಎಂದುಕೊಂಡು, ಎರಡನೆಯವಳು ಯಾರೂ ಇಲ್ಲ ಎಂದು ಅವನಿಗೆ ಖಂಡಿತವಾಗಿ ಹೇಳಿದೆ. ನನ್ನ ಹಿಂದಿದ್ದ ಗುಜರಾತಿ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಹೊರಗೆ ನನ್ನ ಅಕ್ಕನ ಮಗಳು ಸುಧಾ ಕಾಯುತ್ತಿದ್ದಳು. ಅಕ್ಕ ತೀರಿಹೋದ ಮೇಲೆ, ಚಿಕ್ಕಮ್ಮನಾದರೂ ಬಂದು ಒಂದು ತಿಂಗಳು ಇರಲಿ ಎಂದು ಟಿಕೆಟ್ ಕಳಿಸಿದವಳು ಅವಳೇ. ಕಾರಿನಲ್ಲಿ ಅವಳು ಫಸ್ಟ್ ಲೇಡಿಯ ಅರ್ಥ ಬಿಡಿಸಿ ಹೇಳಿದಳು. ದೇಶದ ಅಧ್ಯಕ್ಷರ ಹೆಂಡತಿಗೆ ಹಾಗೆನ್ನುತ್ತಾರಂತೆ, ಒಂದೊಂದು ರಾಜ್ಯದ ಗವರ್ನರ್ ಹೆಂಡತಿಗೂ ಅದೇ ಮರ್ಯಾದೆಯಂತೆ. ಆಗಿನ ಅಧ್ಯಕ್ಷರ ಪತ್ನಿ ಇದೇ ಲಾಸ್ ಏಂಜಲೀಸಿನ ಸಿನಿಮಾಗಳಲ್ಲಿ ನಟಿಸಿದವರಂತೆ. ನಾನು ಕಿಟಕಿಯಾಚೆ ನೋಡುತ್ತ ಆ ಪದವನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ. ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ರಾಂಚೊ ಬರ್ನಾರ್ಡೊ

ಸುಧಾ ಮನೆ ಇದ್ದದ್ದು ಸ್ಯಾನ್ ಡಿಯಾಗೋದ ಉತ್ತರಕ್ಕೆ, ರಾಂಚೊ ಬರ್ನಾರ್ಡೊದಲ್ಲಿ. ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳು. ಬೆಳಿಗ್ಗೆ ಒಬ್ಬೊಬ್ಬರು ಒಂದೊಂದು ಕಾರು ತೆಗೆದುಕೊಂಡು ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ನಾನು ಮತ್ತು ಅವಳ ಒಂಬತ್ತು ವರ್ಷದ ಮಗಳು ನಂದಿನಿ. ಬೇಸಿಗೆ ರಜೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಹೇಗೋ ಇಬ್ಬರಿಗೂ ಅರ್ಥವಾಗುತ್ತಿತ್ತು.

ಬಂದ ಐದನೇ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಪಕ್ಕದ ಮನೆಯ ಹುಲ್ಲಿನ ಮಧ್ಯದಿಂದ ಬುಸ್ಸೆಂದು ನೀರು ಚಿಮ್ಮಿತು. ಒಂದಲ್ಲ, ನಾಲ್ಕು ಕಡೆ. ಅರ್ಧ ನೀರು ಹುಲ್ಲಿಗೆ, ಅರ್ಧ ರಸ್ತೆಗೆ. ಪೈಪು ಒಡೆಯಿತು ಎಂದುಕೊಂಡೆ. ನಮ್ಮೂರಲ್ಲಿ ಪೈಪು ಒಡೆದರೆ ಅರ್ಧ ಊರು ಕೊಡ ಹಿಡಿದು ಓಡಿಬರುತ್ತದೆ. ಇಲ್ಲಿ ಯಾರೂ ಬರಲಿಲ್ಲ. ನಾನೇ ಒಳಗಿಂದ ಬಕೆಟ್ ತಂದು, ಸೀರೆ ಎತ್ತಿ ಸಿಕ್ಕಿಸಿಕೊಂಡು, ಚಿಮ್ಮುವ ನೀರಿಗೆ ಬಕೆಟ್ ಹಿಡಿದು ನಿಂತೆ. ತಲೆಯಿಂದ ಕಾಲಿನವರೆಗೆ ತೊಯ್ದುಹೋದೆ. ನಂದಿನಿ ಕಿಟಕಿಯಿಂದ, "ಅಜ್ಜಿ, ಇಟ್ಸ್ ಜಸ್ಟ್ ದ ಸ್ಪ್ರಿಂಕ್ಲರ್" ಎಂದಳು. ಹುಲ್ಲಿಗೆ ತಾನಾಗಿ ನೀರು ಚಿಮುಕಿಸುವ ನಲ್ಲಿಯಂತೆ ಅದು.

ಆ ಮನೆಯಿಂದ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ಹೊರಗೆ ಬಂದು ಗೋಡೆಯಲ್ಲಿದ್ದ ಏನನ್ನೋ ತಿರುಗಿಸಿದಳು. ನೀರು ನಿಂತಿತು. ಅವಳು ಒಳಗೆ ಹೋಗಿ ಟವೆಲ್ ತಂದು, ಗುರುತು ಪರಿಚಯವಿಲ್ಲದ ನನ್ನ ತಲೆಯನ್ನು ತಾನೇ ಒರೆಸತೊಡಗಿದಳು. ಹೆಸರು ಡಾರತಿ, ನಿವೃತ್ತ ಶಾಲಾ ಶಿಕ್ಷಕಿ, ಗಂಡ ತೀರಿಹೋಗಿ ಆರು ವರ್ಷ. ನನ್ನ ಹೆಸರು ವಿಶಾಲಾಕ್ಷಿ ಎಂದಾಗ ಮೂರು ಸಲ ಪ್ರಯತ್ನಿಸಿ, ಕೊನೆಗೆ "ವಿಶಾ" ಎಂದು ಅರ್ಧಕ್ಕೇ ಬಿಟ್ಟಳು.

ನಿನ್ನ ಗಂಡ ಬಂದಿಲ್ಲವೇ ಎಂದಳು. ಬಿಡುವಿಲ್ಲ, ಅವರು ಪ್ರೆಸಿಡೆಂಟ್, ಎಂದೆ. ನಿಮ್ಮ ರಾಜ್ಯಕ್ಕೆ? ಎಂದಳು. ಅವಳ ದೇಶದಲ್ಲಿ ರಾಜ್ಯಕ್ಕೊಬ್ಬ ಗವರ್ನರ್ ಇರುವ ಹಾಗೆ ಇಂಡಿಯಾದಲ್ಲಿ ರಾಜ್ಯಕ್ಕೊಬ್ಬ ಪ್ರೆಸಿಡೆಂಟ್ ಇರಬಹುದು ಎಂದು ಅವಳು ತಿಳಿದದ್ದು ನನಗೆ ಅಲ್ಲೇ, ಆಗಲೇ ಅರ್ಥವಾಯಿತು. ನಾನು "ಕರ್ನಾಟಕ ಸ್ಟೇಟ್" ಎಂದೆ. ಊರು ಎಲ್ಲಿದೆ ಎಂದು ಹೇಳಿದೆನಷ್ಟೆ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ಅವಳು ಟವೆಲ್ ಹಿಡಿದ ಕೈ ತೆಗೆದು, ಕ್ಷಮಿಸಿ, ನಿಮ್ಮ ತಲೆ ಒರೆಸಿಬಿಟ್ಟೆ, ಎಂದಳು. ಆಗಲಾದರೂ ಹೇಳಬಹುದಿತ್ತು. ನಾನು ದೊಡ್ಡಸ್ತಿಕೆಯಿಂದ ನಕ್ಕೆ.

ಡಾರತಿಯ ಕಪಾಟು

ಎರಡು ದಿನ ಕಳೆದು ಅವಳು ನನ್ನನ್ನು ಚಹಾಕ್ಕೆ ಕರೆದಳು. ನಂದಿನಿಯ ಜೊತೆ ಹೋದರೆ ಅಲ್ಲಿ ಅವಳ ಹನ್ನೆರಡು ಗೆಳತಿಯರು ಆಗಲೇ ಕೂತಿದ್ದರು. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. ನಮ್ಮೂರ ರಂಗೋಲಿ ಸ್ಪರ್ಧೆಯಲ್ಲೂ ನಾನು ಬಹುಮಾನ ಕೊಡಲು ಹೋದಾಗ ಹೆಂಗಸರು ಹೀಗೇ ಎದ್ದು ನಿಲ್ಲುತ್ತಾರೆ. ಅಭ್ಯಾಸಬಲದಿಂದ ಕೈ ಮುಗಿದು, ಕೂತುಕೊಳ್ಳಿ ಎಂದು ಸನ್ನೆ ಮಾಡಿದೆ.

ಡಾರತಿ ತನ್ನ ಗಾಜಿನ ಕಪಾಟು ತೋರಿಸಿದಳು. ಒಳಗೆ ಸಾಲುಸಾಲಾಗಿ ಗೊಂಬೆಗಳು. ಎಲ್ಲವೂ ಅವಳ ದೇಶದ ಅಧ್ಯಕ್ಷರ ಪತ್ನಿಯರು, ಗೇಣುದ್ದ, ಎಲ್ಲರ ಉಡುಪನ್ನೂ ಅವಳೇ ಹೊಲಿದದ್ದು. ನನಗೆ ನವರಾತ್ರಿಯ ನೆನಪಾಯಿತು. ನಾವು ಪಟ್ಟದ ಗೊಂಬೆಗಳನ್ನು ರಾಜ ರಾಣಿ ಜೋಡಿಯಾಗಿ ಕೂರಿಸುತ್ತೇವೆ. ಇಲ್ಲಿ ಬರೀ ರಾಣಿಯರು. ರಾಜರೆಲ್ಲಿ ಎಂದು ಕೇಳಿದೆ. ಅವರ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ ಎಂದಳು.

ಒಂದೊಂದು ಗೊಂಬೆಯನ್ನೂ ಕೈಗೆ ಕೊಟ್ಟು ಕಥೆ ಹೇಳಿದಳು. ಒಬ್ಬಾಕೆ ಶತ್ರುಗಳು ರಾಜಧಾನಿಗೆ ಬೆಂಕಿ ಇಡಲು ಬರುತ್ತಿದ್ದಾಗ ಮೊದಲ ಅಧ್ಯಕ್ಷರ ಚಿತ್ರಪಟವನ್ನು ಉಳಿಸಿದವಳು. ಒಬ್ಬಾಕೆ ಗಂಡ ಹಾಸಿಗೆ ಹಿಡಿದಾಗ ಯಾವ ಕಾಗದ ಅವನವರೆಗೆ ಹೋಗಬೇಕು, ಯಾವುದು ಬೇಡ ಎಂದು ತಾನೇ ತೀರ್ಮಾನಿಸಿದವಳು. ಇನ್ನೊಬ್ಬಾಕೆ ಪತ್ರಿಕೆಯ ಹೆಂಗಸರನ್ನು ಮಾತ್ರ ಕರೆದು ಮಾತಾಡುತ್ತಿದ್ದಳಂತೆ. ಅದರಿಂದ ಪತ್ರಿಕೆಗಳು ಹೆಂಗಸರನ್ನು ಕೆಲಸದಿಂದ ತೆಗೆಯುವ ಹಾಗಿರಲಿಲ್ಲ. ಮತ್ತೊಬ್ಬಾಕೆ ತನ್ನ ಎದೆಯ ಕ್ಯಾನ್ಸರನ್ನು ಮುಚ್ಚಿಡದೆ ಹೇಳಿದ್ದರಿಂದ ಸಾವಿರಾರು ಹೆಂಗಸರು ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಹೋದರಂತೆ. ಡಾರತಿಯ ತಂಗಿಯೂ ಅವರಲ್ಲಿ ಒಬ್ಬಳು. ಹೆದ್ದಾರಿಯ ಬದಿಗೆ ಹೂವು ಬೆಳೆಸಬೇಕೆಂದು ಹಟ ಹಿಡಿದವಳೊಬ್ಬಳು. ನಮ್ಮಲ್ಲಿ ಹೆಂಡತಿ ಹೂವು ಕೇಳಿದರೆ ಗಂಡ ಸಂತೆಯಿಂದ ಎರಡು ಮೊಳ ತರುತ್ತಾನೆ, ಅಲ್ಲಿಗೆ ಮುಗಿಯಿತು.

ಈ ಕೆಲಸಕ್ಕೆ ಸಂಬಳವಿಲ್ಲ, ಸಂವಿಧಾನದಲ್ಲಿ ಹೆಸರಿಲ್ಲ, ಯಾರೂ ಓಟು ಹಾಕಿರುವುದಿಲ್ಲ, ಎಂದಳು ಡಾರತಿ. ಆದರೂ ಒಬ್ಬೊಬ್ಬರೂ ಯಾವುದೋ ಒಂದನ್ನು ತಮ್ಮದು ಎಂದು ಹಿಡಿದುಕೊಳ್ಳುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ನಿನ್ನದು ಯಾವುದು ವಿಶಾ, ಎಂದು ಕೇಳಿದಳು. ಹನ್ನೆರಡು ಜನ ಚಹಾ ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು.

ನನ್ನದು ಯಾವುದು? ರಿಬ್ಬನ್ ಕತ್ತರಿಸಿದ್ದೇನೆ. ಮಕ್ಕಳಿಗೆ ಸ್ಟೀಲ್ ಲೋಟ ಬಹುಮಾನ ಕೊಟ್ಟಿದ್ದೇನೆ. ಮುಂದಿನ ಸಾಲಿನಲ್ಲಿ ಕೂತು ಹಾರ ಹಾಕಿಸಿಕೊಂಡಿದ್ದೇನೆ. ಮತ್ತೇನೂ ನೆನಪಾಗಲಿಲ್ಲ. ನೆನಪಾದದ್ದು ಸಾಕಮ್ಮ.

ಸಾಕಮ್ಮ ನಮ್ಮೂರ ಕೆರೆಯಾಚೆಯ ಬೀದಿಯವಳು. ಆ ಬೀದಿಗೆ ನಲ್ಲಿ ಇರಲಿಲ್ಲ. ನೀರಿಗೆ ರೈಲ್ವೆ ಗೇಟಿನ ಈಚೆಗೆ ಬರಬೇಕು, ಗೇಟು ಹಾಕಿದ್ದರೆ ತುಂಬಿದ ಕೊಡ ಹೊತ್ತು ನಿಲ್ಲಬೇಕು. ಅವಳು ನಮ್ಮ ಹಿತ್ತಲ ಬಾಗಿಲಿಗೆ ಮೂರು ಸಲ ಬಂದಿದ್ದಳು. ಅವಳ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಅಮ್ಮಾವ್ರೆ, ಯಜಮಾನ್ರು ನಮ್ ಮಾತು ಕೇಳಲ್ಲ, ನಿಮ್ ಮಾತು ಕೇಳ್ತಾರೆ. ಒಂದ್ ನಲ್ಲಿ ಹಾಕ್ಸಿ ಅಂತ ಊಟಕ್ ಬಡಿಸ್ವಾಗ ಒಂದ್ ಮಾತು ಹಾಕಿ." ಮೂರು ಸಲವೂ ನಾನು ಕಾಫಿ ಕೊಟ್ಟೆ. ಒಂದು ಸಲ ಹಳೆಯ ಸೀರೆಯನ್ನೂ ಕೊಟ್ಟೆ. ಇವರ ಕೆಲಸದಲ್ಲಿ ನಾನು ತಲೆ ಹಾಕುವುದಿಲ್ಲ ಸಾಕಮ್ಮ, ಎಂದು ಹೆಮ್ಮೆಯಿಂದ ಹೇಳಿ ಕಳಿಸಿದೆ. ಯಜಮಾನರಿಗೆ ಒಂದು ಸಲವೂ ಹೇಳಲಿಲ್ಲ. ಹೇಳಿದರೆ ಬೇಡವೆನ್ನುತ್ತಿದ್ದರು ಎಂದೂ ಅಲ್ಲ. ಪ್ರೆಸಿಡೆಂಟರ ಹೆಂಡತಿ ತನ್ನ ಪಾಡಿಗೆ ತಾನಿರುತ್ತಾಳೆ ಎಂದು ಜನ ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ಬೇಕಾಗಿತ್ತು.

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗ ಬಾಯಿ ತಾನಾಗಿ ಹೇಳಿತು. "ವಾಟರ್. ಒನ್ ಸ್ಟ್ರೀಟ್, ನೋ ಟ್ಯಾಪ್. ಐ ಟೋಲ್ಡ್ ಮೈ ಹಸ್ಬೆಂಡ್. ನೌ ಟ್ಯಾಪ್."

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ಅದೊಂದು ಸಭೆಯ ಮಾತಾಗಿ ಹೋಗುತ್ತಿತ್ತು. ಡಾರತಿ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಅದಕ್ಕೇ ನೀನು ಆ ದಿನ ಬಕೆಟ್ ತಂದೆ, ಎಂದಳು. ಅವಳ ಕಣ್ಣು ತುಂಬಿತ್ತು. ನಿನ್ನ ಗೊಂಬೆ ಮಾಡಿ ಈ ಕಪಾಟಿನಲ್ಲಿ ಇಡುತ್ತೇನೆ, ನಿನ್ನ ಸೀರೆಯ ಬಟ್ಟೆ ಸ್ವಲ್ಪ ಕೊಡುತ್ತೀಯಾ, ಎಂದು ಕೇಳಿದಳು. ನಾನು ಮನೆಗೆ ಬಂದು, ಮೈಸೂರು ರೇಷ್ಮೆ ಸೀರೆಯ ಒಳಸೆರಗಿನಿಂದ ಒಂದು ಗೇಣು ಕತ್ತರಿಸಿ ಕೊಟ್ಟೆ.

ಲಾ ಹೋಯಾ

ಅಂದಿನಿಂದ ನನಗೆ ಊಟ ಸೇರಲಿಲ್ಲ. ಸುಧಾ ಹವೆ ಒಗ್ಗಿಲ್ಲ ಎಂದುಕೊಂಡು ಮೆಣಸಿನ ಸಾರು ಮಾಡಿದಳು. ಅಡಿಗೆಮನೆಯ ನಲ್ಲಿ ತಿರುಗಿಸಿದರೆ ಸಾಕು, ಸಾಕಮ್ಮ ಎದುರಿಗೆ ಬರುತ್ತಿದ್ದಳು. ಕಿಟಕಿಯಿಂದ ನೋಡಿದರೆ ಡಾರತಿ ಕನ್ನಡಕ ಹಾಕಿಕೊಂಡು ಹೊಲಿಯುತ್ತ ಕೂತಿರುತ್ತಿದ್ದಳು.

ನನ್ನ ಪದವಿಯ ಒಂಬತ್ತನೇ ದಿನ ಡಾರತಿ ನನ್ನನ್ನೂ ನಂದಿನಿಯನ್ನೂ ಲಾ ಹೋಯಾದ ಸಮುದ್ರಕ್ಕೆ ಕರೆದುಕೊಂಡು ಹೋದಳು. ಬಂಡೆಗಳ ಮೇಲೆ ಕಡಲ ಸಿಂಹಗಳು ಮದುವೆ ಮನೆಯ ಬೀಗರ ಹಾಗೆ ಊಟ ಮಾಡಿ ಬಿದ್ದುಕೊಂಡಿದ್ದವು. ಇಲ್ಲಿ ಹೇಳಿಬಿಡಬೇಕು ಎಂದು ನಿರ್ಧರಿಸಿದ್ದೆ. ಇಂಗ್ಲಿಷಿನ ವಾಕ್ಯವನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಡಾರತಿಯ ತೋಳು ಹಿಡಿದು, "ಮೈ ಹಸ್ಬೆಂಡ್ ವೆರಿ ಸ್ಮಾಲ್ ಪ್ರೆಸಿಡೆಂಟ್" ಎಂದೆ. ಅವಳು ನನ್ನ ಬೆನ್ನು ತಟ್ಟಿ, ನನ್ನ ಗಂಡನೂ ಕುಳ್ಳನೇ ಇದ್ದ, ಅದಕ್ಕೆಲ್ಲ ಬೇಸರ ಮಾಡಿಕೊಳ್ಳಬಾರದು, ಎಂದಳು. ನಂದಿನಿ ಮರಳಿನಲ್ಲಿ ಉರುಳಾಡಿ ನಕ್ಕಳು.

ಮನೆಗೆ ಬಂದದ್ದೇ ಅವಳು ಅಮ್ಮನಿಗೆ ಎಲ್ಲ ಹೇಳಿದಳು. ಸುಧಾಗೆ ವಿಷಯ ಆಗಲೇ ತಿಳಿದದ್ದು. ನನ್ನನ್ನು ಬೈಯಲಿಲ್ಲ, ಭಾಷೆಯ ತೊಡಕು ಎಂದುಕೊಂಡಳು. ಅಂದು ಸಂಜೆಯೇ ಡಾರತಿಯನ್ನು ಕರೆದು ಕೂರಿಸಿ, ಪುರಸಭೆ ಎಂದರೇನು, ಪ್ರೆಸಿಡೆಂಟ್ ಎಂದರೆ ನಮ್ಮಲ್ಲಿ ಯಾರ್ಯಾರು, ಎಲ್ಲವನ್ನೂ ವಿವರಿಸಿದಳು. ನಾನು ತಲೆ ತಗ್ಗಿಸಿ ಕೂತಿದ್ದೆ. ಮುಗಿಯಿತಲ್ಲ, ಇನ್ನು ಗೊಂಬೆ ಮಾಡುವುದಿಲ್ಲ ಎಂದು ನನಗೆ ಒಳಗೊಳಗೇ ನಿರಾಳವೂ ಆಯಿತು.

ಡಾರತಿ ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಾಜ್ಯವಾದರೇನು, ಊರಾದರೇನು, ಎಂದಳು. ನನ್ನ ಕಪಾಟಿಗೆ ಪದವಿ ಬೇಕಾಗಿಲ್ಲ. ಆ ಬೀದಿಗೆ ನೀರು ಬಂದದ್ದು ನಿಜ ತಾನೆ?

ಸುಧಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು. "ನೀವು ಚಿಕ್ಕಪ್ಪಂಗೆ ಹೇಳಿ ಒಂದು ಬೀದಿಗೆ ನಲ್ಲಿ ಹಾಕಿಸಿದ್ರಂತೆ. ನಮಗೆ ಯಾರಿಗೂ ಹೇಳೇ ಇಲ್ಲವಲ್ಲ ಚಿಕ್ಕಮ್ಮ. ನಿಜಾನಾ?"

ಅವಳ ಮುಖದಲ್ಲಿ ಅಂಥ ಅಭಿಮಾನವನ್ನು ನಾನು ಎಂದೂ ಕಂಡಿರಲಿಲ್ಲ. ಅಕ್ಕನ ಕಣ್ಣು ಅವಳದು.

"ಹೂಂ ಕಣೆ," ಎಂದೆ.

ಮೊದಲ ಸುಳ್ಳನ್ನು ಇಂಗ್ಲಿಷಿನಲ್ಲಿ ಹೇಳಿದ್ದೆ. ಭಾಷೆ ಸರಿಯಾಗಿ ಬರುವುದಿಲ್ಲ ಎಂಬ ನೆಪವಾದರೂ ಅದಕ್ಕಿತ್ತು. ಎರಡನೆಯದನ್ನು ನನ್ನ ತಾಯಿಯ ಭಾಷೆಯಲ್ಲಿ, ನನ್ನ ಅಕ್ಕನ ಮಗಳಿಗೆ ಹೇಳಿದೆ. ಇಷ್ಟು ವರ್ಷಗಳಾದ ಮೇಲೂ ಆ "ಹೂಂ ಕಣೆ" ನೆನಪಾದರೆ ಒಲೆಯ ಮುಂದೆ ಒಬ್ಬಳೇ ಇದ್ದರೂ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತೇನೆ.

ಮತ್ತೆ ಲಾಸ್ ಏಂಜಲೀಸ್

ಹೊರಡುವ ದಿನ ಬೆಳಿಗ್ಗೆ ಡಾರತಿ ಗೊಂಬೆ ತೋರಿಸಲು ಕರೆದಳು. ಕಪಾಟಿನ ಮಧ್ಯದ ಸಾಲಿನಲ್ಲಿ, ಹೂವು ಬೆಳೆಸಿದವಳ ಪಕ್ಕದಲ್ಲಿ ನಾನು. ನನ್ನದೇ ಸೀರೆ, ನನ್ನದೇ ದಪ್ಪ ತುರುಬು. ಎರಡು ಕೈಯಲ್ಲೂ ಹಿಡಿದದ್ದು ಒಂದು ಪುಟ್ಟ ಹಿತ್ತಾಳೆ ಬಿಂದಿಗೆ. ಹೊಲಿಯುವಾಗ ಬೆರಳಿಗೆ ಸೂಜಿ ಚುಚ್ಚದಂತೆ ಹಾಕಿಕೊಳ್ಳುವ ಟೊಪ್ಪಿಯನ್ನೇ ಅವಳು ತಿರುಗಿಸಿ ಬಿಂದಿಗೆ ಮಾಡಿದ್ದಳು. ಅದು ಅವಳ ತಾಯಿಯದಂತೆ. ಅದಿಲ್ಲದೆ ಇನ್ನು ಹೇಗೆ ಹೊಲಿಯುತ್ತೀ ಎಂದು ಕೇಳಿದೆ. ಇನ್ನು ಹೊಲಿಯುವುದಿಲ್ಲ, ಇದೇ ಕೊನೆಯದು, ಎಂದಳು.

ಅಲ್ಲಿಂದ ವಿಮಾನ ನಿಲ್ದಾಣದವರೆಗೆ ನಾನು ಕಿಟಕಿಯಾಚೆಯೇ ನೋಡುತ್ತಿದ್ದೆ. ಅಗಲುವ ದುಃಖವೆಂದುಕೊಂಡು ಸುಧಾ ಅತ್ತಳು. ನಂದಿನಿ ನನ್ನ ಕೈ ಹಿಡಿದುಕೊಂಡು ಕನ್ನಡದಲ್ಲಿ, "ಅಜ್ಜಿ, ಮತ್ತೆ ಬಾ" ಎಂದಳು. ತಿಂಗಳಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ವಾಕ್ಯ ಅದು. ನಾನು ಅದಕ್ಕೂ ಲಾಯಕ್ಕಲ್ಲ ಅನ್ನಿಸಿತು. ವಿಮಾನದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡೆ. ಮನೆ ತಲುಪಿದ ಮೊದಲ ಊಟಕ್ಕೆ ಬಡಿಸುವಾಗ ಯಜಮಾನರಿಗೆ ನಲ್ಲಿಯ ಮಾತು ಹೇಳಬೇಕು. ಸುಳ್ಳನ್ನು ನಿಜ ಮಾಡಿಬಿಟ್ಟರೆ ಡಾರತಿಗೆ ಹೇಳಬೇಕಾಗಿಯೇ ಇಲ್ಲ ಎಂಬ ಲೆಕ್ಕಾಚಾರ.

ಊರು

ಬಡಿಸುತ್ತ ಹೇಳಿದೆ. ಯಜಮಾನರು ತಲೆಯೆತ್ತದೆ, "ಆ ಬೀದಿಗೆ ನಲ್ಲಿ ಹಾಕಿಸಿ ಹದಿನೈದು ದಿನ ಆಯ್ತಲ್ಲ. ಹೆಂಗಸರು ಕೊಡ ಹಿಡ್ಕೊಂಡು ಬಂದು ಆಫೀಸ್ ಮುಂದೆ ಕೂತುಬಿಟ್ರು," ಎಂದರು.

ಮರುದಿನ ನಾನು ಕೆರೆಯಾಚೆಯ ಬೀದಿಗೆ ಹೋದೆ. ಅಧ್ಯಕ್ಷರ ಹೆಂಡತಿಯಾಗಿ ಮೂರು ವರ್ಷವಾದರೂ ಆ ಬೀದಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಸಾಕಮ್ಮ ನಲ್ಲಿಯ ಹತ್ತಿರವೇ ಇದ್ದಳು. ಓಡಿಬಂದಳು. ಅವಳ ಮುಖದಲ್ಲಿ ಕೋಪ ಹುಡುಕಿದೆ, ಸಿಗಲಿಲ್ಲ.

"ನೀವು ಊರಲ್ಲಿದ್ದಿದ್ರೆ ನಿಮ್ ಹತ್ರಾನೇ ಬರ್ತಿದ್ವಿ ಅಮ್ಮಾವ್ರೆ," ಎಂದಳು. "ಇರ್ಲಿಲ್ವಲ್ಲ, ಅದಕ್ಕೆ ನಾವೇ ಹೋಗಿ ಕೂತ್ಕೊಂಡ್ವಿ."

ಚೊಂಬಿನ ತುಂಬ ನೀರು ಹಿಡಿದು ಕೊಟ್ಟಳು. ಬೀದಿಯ ಹೆಂಗಸರೆಲ್ಲ ನೋಡುತ್ತಿರುವಾಗ ಆ ನೀರನ್ನು ನಿಂತಲ್ಲೇ ಕುಡಿದೆ. ಖಾಲಿ ಚೊಂಬನ್ನು ಅವಳ ಕೈಗೇ ಕೊಟ್ಟೆ.

ಅಂದೇ ಡಾರತಿಗೆ ಕಾಗದ ಬರೆದೆ. ಹರಕುಮುರುಕು ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ಬೇಕೆಂದೇ ಕನ್ನಡದಲ್ಲಿ ಬರೆದು, ಡಾರತಿಗೆ ಓದಿ ಹೇಳು ಎಂದು ಸುಧಾಗೆ ಕಳಿಸಿದೆ. ಮೂರು ಸಲದ ಕಾಫಿ, ಹಳೆಯ ಸೀರೆ, "ಹೂಂ ಕಣೆ", ಯಾವುದನ್ನೂ ಬಿಡಲಿಲ್ಲ. ನನ್ನ ಗೊಂಬೆಯನ್ನು ತೆಗೆದುಬಿಡಿ, ಆ ಜಾಗ ಸಾಕಮ್ಮನದು, ಅವಳು ಹಸಿರು ನೂಲಿನ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟುತ್ತಾಳೆ, ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಳ್ಳುತ್ತಾಳೆ, ಎಂದು ಬರೆದೆ.

ನವರಾತ್ರಿಗೆ ವಾರವಿದೆ ಎನ್ನುವಾಗ ಉತ್ತರ ಬಂತು. ಸುಧಾ ಒಂದೇ ಸಾಲು ಬರೆದಿದ್ದಳು, ಓದಿ ಹೇಳಿದೆ ಎಂದು. ಜೊತೆಗೆ ಒಂದು ಫೋಟೋ. ಕಪಾಟಿನ ಮಧ್ಯದ ಸಾಲಿನಲ್ಲಿ ಹಸಿರು ಸೀರೆಯ ಗೊಂಬೆ, ಸೊಂಟದ ಮೇಲೆ ಹಿತ್ತಾಳೆ ಬಿಂದಿಗೆ. ಇನ್ನು ಹೊಲಿಯುವುದಿಲ್ಲ ಎಂದಿದ್ದವಳು ಮತ್ತೆ ಸೂಜಿ ಹಿಡಿದಿದ್ದಳು. ನನ್ನ ಗೊಂಬೆಯನ್ನು ಅವಳು ತೆಗೆದಿರಲಿಲ್ಲ. ಪಕ್ಕದಲ್ಲೇ ಇತ್ತು, ಬಿಂದಿಗೆ ಹಿಡಿದಿದ್ದ ಕೈಗಳು ಹಾಗೇ ಮುಂದಕ್ಕೆ ಚಾಚಿಕೊಂಡು, ಖಾಲಿ.

ಆ ವರ್ಷ ಗೊಂಬೆ ಕೂರಿಸಿದಾಗ ಫೋಟೋವನ್ನು ಕೊನೆಯ ಮೆಟ್ಟಿಲಲ್ಲಿ, ಸೆಟ್ಟಿ ಸೆಟ್ಟಿತಿಯರ ಪಕ್ಕದಲ್ಲಿ ಇಟ್ಟೆ. ಸಾಕಮ್ಮನನ್ನು ಅರಿಶಿನ ಕುಂಕುಮಕ್ಕೆ ಕರೆದೆ. ಅವಳು ಮುಂಬಾಗಿಲಿನಿಂದ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಹಜಾರದ ತುಂಬ ಊರಿನ ಹೆಂಗಸರು. ಅವಳು ಒಂದೊಂದು ಗೊಂಬೆಯನ್ನೂ ನೋಡುತ್ತ ಬಂದು ಫೋಟೋದ ಮುಂದೆ ಬಗ್ಗಿದಳು.

"ಇವ್ಳು ನನ್ ಥರಾನೇ ಅವ್ಳೆ," ಎಂದು ನಕ್ಕಳು.

"ನೀನೇ ಅದು," ಎಂದೆ.

ಅವಳು ನಂಬಲಿಲ್ಲ. ಇನ್ನೂ ಹತ್ತಿರಕ್ಕೆ ಬಗ್ಗಿ ಬೆರಳಿಟ್ಟು ತೋರಿಸಿದಳು. "ಮತ್ತೆ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಕೊಂಡು ಬರಿಗೈಯಲ್ಲಿ ನಿಂತವ್ಳಲ್ಲ, ಇವ್ಳ್ಯಾರು ಅಮ್ಮಾವ್ರೆ?"

ಹಜಾರದಲ್ಲಿ ಮಾತಾಡುತ್ತಿದ್ದವರು ಇತ್ತ ತಿರುಗಿದರು. ನಾನು ಕುಂಕುಮದ ತಟ್ಟೆಯನ್ನು ಕೆಳಗಿಟ್ಟೆ.

"ನಾನು," ಎಂದು, ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಮೊದಲಿನಿಂದ ಹೇಳತೊಡಗಿದೆ.